ಮುರಕಲ್ಲಿನ ಮನೆ, ಮುನಿಸಿಕೊಂಡ ವೈಫೈ: ಸ್ಮಾರ್ಟ್ ಸ್ಪೀಕರ್ ಆಗಾಗ ಬಾಯಿ ಮುಚ್ಚಿದರೆ ದೋಷ ಹುಡುಕುವ ಕ್ರಮ

ಬೆಳಗ್ಗೆ ಮಂಗಳೂರು ಆಕಾಶವಾಣಿ ಹಾಕಲು ಹೇಳಿದರೆ ಹಾಕುತ್ತದೆ, ವಾರ್ತೆ ಅರ್ಧಕ್ಕೆ ಬರುವಾಗ ಬಾಯಿ ಮುಚ್ಚುತ್ತದೆ. ಮತ್ತೆ ಕರೆದರೆ ಇಂಟರ್ನೆಟ್ ಸಿಗುತ್ತಿಲ್ಲ ಎಂಬ ಉತ್ತರ. ಅದೇ ಹೊತ್ತಿಗೆ ಕೈಯಲ್ಲಿರುವ ಫೋನಿನಲ್ಲಿ ವಿಡಿಯೋ ಸಲೀಸಾಗಿ ಓಡುತ್ತಿರುತ್ತದೆ. ಹಾಗಾಗಿ ಸ್ಪೀಕರೇ ಹಾಳು ಎಂದು ತೀರ್ಮಾನಿಸಿ ಅದನ್ನು ಕಪಾಟಿನೊಳಗೆ ಇಟ್ಟುಬಿಡುತ್ತಾರೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಹೀಗೆ ಒಳಗೆ ಸೇರಿದ ಸ್ಪೀಕರುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇರುತ್ತವೆ. ತೊಂದರೆ ಇರುವುದು ಗೋಡೆಯಲ್ಲಿ, ಅಡಾಪ್ಟರಿನಲ್ಲಿ, ರೂಟರಿನ ಯಾವುದೋ ಒಂದು ಆಯ್ಕೆಯಲ್ಲಿ, ಇಲ್ಲವೇ ತೋಟದ ನಡುವೆ ಎಳೆದ ಫೈಬರಿನಲ್ಲಿ.

ಫೋನನ್ನು ಸಾಕ್ಷಿಯಾಗಿ ನಂಬಬೇಡಿ. ವೈಫೈ ದುರ್ಬಲವಾದ ಕೂಡಲೇ ಅದು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಸ್ಪೀಕರಿಗೆ ಹಾರಲು ಬೇರೆ ಜಾಗ ಇಲ್ಲ. ಇನ್ನೊಂದು, ಫೋನಿನ ವಿಡಿಯೋ ಮುಂದಿನ ಭಾಗವನ್ನು ಮೊದಲೇ ತುಂಬಿಸಿಕೊಂಡಿರುತ್ತದೆ. ನಡುವೆ ಹತ್ತು ಸೆಕೆಂಡು ಸಂಪರ್ಕ ಕಡಿದರೂ ನಮಗೆ ಗೊತ್ತಾಗುವುದಿಲ್ಲ. ನೇರ ಪ್ರಸಾರದ ರೇಡಿಯೋಕ್ಕೆ ಅಷ್ಟು ಕೂಡಿಟ್ಟುಕೊಳ್ಳಲು ಆಗುವುದಿಲ್ಲ. ಮಾತಿನ ಆದೇಶವಂತೂ ಆ ಕ್ಷಣದಲ್ಲೇ ಸರ್ವರಿಗೆ ಹೋಗಿ ಮರಳಿ ಬರಬೇಕು. ಆದ್ದರಿಂದ ಕೆಳಗಿನ ಯಾವ ಪರೀಕ್ಷೆ ಮಾಡುವಾಗಲೂ ಫೋನಿನ ಮೊಬೈಲ್ ಡೇಟಾ ಆರಿಸಿಡಿ.

ಪ್ಲಾನ್ ಏರಿಸುವ ಯೋಚನೆಯನ್ನೂ ಸದ್ಯಕ್ಕೆ ಬದಿಗಿಡಿ. ಒಳ್ಳೆಯ ಗುಣಮಟ್ಟದ ಹಾಡಿಗೆ ಬೇಕಾಗುವುದು ಸೆಕೆಂಡಿಗೆ 320 ಕಿಲೋಬಿಟ್. 40 ಎಂಬಿಪಿಎಸ್ ಪ್ಲಾನ್ ಎಂದರೆ ಅದರ 125 ಪಟ್ಟು. ಸ್ಪೀಕರಿಗೆ ಬೇಕಾದದ್ದು ದೊಡ್ಡ ತೋಡಲ್ಲ, ಸಣ್ಣದಾದರೂ ನಿಲ್ಲದೆ ಹರಿಯುವ ನೀರು. 200 ಎಂಬಿಪಿಎಸ್‌ಗೆ ಏರಿಸಿದ ಮೇಲೂ ಹಾಡು ನಿಲ್ಲುತ್ತಿದ್ದರೆ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ. ಸ್ಪೀಕರನ್ನು ಅದರ ಹೆಸರು ಹಿಡಿದು ಕರೆಯಿರಿ. ದೀಪವೇ ಬೆಳಗದಿದ್ದರೆ ಅದು ವೈಫೈ ದೋಷವಲ್ಲ. ಹೆಸರನ್ನು ಗುರುತಿಸುವ ಕೆಲಸ ಸ್ಪೀಕರಿನ ಒಳಗೇ ನಡೆಯುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ಮೈಕ್ ಆಫ್ ಆಗಿದೆಯೋ ನೋಡಿ. ಅಮೆಜಾನಿನ ಎಕೋದಲ್ಲಿ ಹಾಗಿದ್ದರೆ ಕೆಂಪು ಬೆಳಕು ಇರುತ್ತದೆ. ದೀಪ ಬೆಳಗಿ, ತಡವರಿಸಿ, ಆಮೇಲೆ ಕ್ಷಮೆ ಕೇಳಿದರೆ ಮಾತ್ರ ಮುಂದೆ ಓದಿ.

ಎಲ್ಲಿ ಕಡಿದಿದೆ?

ಸ್ಪೀಕರಿನಿಂದ ಹೊರಟ ಮಾತು ಎರಡು ಹಾದಿ ದಾಟಬೇಕು. ಸ್ಪೀಕರಿನಿಂದ ರೂಟರಿನವರೆಗೆ ಗಾಳಿಯ ಹಾದಿ, ರೂಟರಿನಿಂದ ಆಚೆಗೆ ಫೈಬರಿನ ಹಾದಿ. ಯಾವುದು ಕಡಿಯುತ್ತಿದೆ ಎಂದು ತಿಳಿಯದೆ ರೂಟರ್ ಬದಲಿಸುವುದು, ಕೇಬಲಿನವರನ್ನು ಕರೆಸುವುದು ಎರಡೂ ದಂಡ. ತಿಳಿಯುವ ಉಪಾಯ ಪಿಂಗ್, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಮರಳುತ್ತದೆ ಎಂದು ನೋಡುವುದು.

1. ರೂಟರಿನ ವಿಳಾಸ ಗೊತ್ತುಮಾಡಿಕೊಳ್ಳಿ. ಫೋನಿನ ವೈಫೈ ವಿವರಗಳಲ್ಲಿ 'ಗೇಟ್‌ವೇ' ಎಂದು ಇರುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1.

2. ಲ್ಯಾಪ್‌ಟಾಪನ್ನು ಸ್ಪೀಕರಿನ ಪಕ್ಕದಲ್ಲೇ, ಅಂದರೆ ಅದೇ ಮೇಜಿನ ಮೇಲೆ ಇಡಿ. ಚಾವಡಿಯಲ್ಲಿ ಕೂತು ಅಡುಗೆಮನೆಯ ಸ್ಪೀಕರಿನ ದೋಷ ಹುಡುಕಿದರೆ ಸಿಗದು.

3. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಎರಡು ಸಲ ತೆರೆಯಿರಿ. ಒಂದರಲ್ಲಿ ರೂಟರಿನ ವಿಳಾಸಕ್ಕೆ, ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿನ 8.8.8.8 ವಿಳಾಸಕ್ಕೆ ಪಿಂಗ್ ಕೊಡಿ (ಉದಾಹರಣೆಗೆ: ping 8.8.8.8 -t). ಆದೇಶದ ಕೊನೆಯಲ್ಲಿ ಜಾಗ ಬಿಟ್ಟು ಅಡ್ಡಗೆರೆ ಮತ್ತು ಇಂಗ್ಲಿಷಿನ ಟಿ ಅಕ್ಷರ ಸೇರಿಸಿದರೆ ನಿಲ್ಲಿಸುವವರೆಗೂ ಓಡುತ್ತಲೇ ಇರುತ್ತದೆ. ಫೋನಿನಲ್ಲಿ ಮಾಡುವವರಿಗೆ ಉಚಿತ ಪಿಂಗ್ ಆ್ಯಪ್‌ಗಳು ಬೇಕಾದಷ್ಟಿವೆ.

4. ಸ್ಪೀಕರಿನಲ್ಲಿ ರೇಡಿಯೋ ಹಾಕಿ, ಅದು ನಿಲ್ಲುವವರೆಗೆ ಕಾಯಿರಿ. ನಿಂತ ಕ್ಷಣ ಎರಡೂ ಕಿಟಕಿ ನೋಡಿ.

ರೂಟರಿಗೆ ಕಳಿಸಿದ ಪಿಂಗ್ ಸಾಮಾನ್ಯವಾಗಿ 1ರಿಂದ 10 ಮಿಲಿಸೆಕೆಂಡಿನಲ್ಲಿ ಮರಳಬೇಕು. ಅದು ನೂರಾರಕ್ಕೆ ಜಿಗಿದರೆ ಅಥವಾ 'ಟೈಮ್ಡ್ ಔಟ್' ಎಂದರೆ ದೋಷ ಮನೆಯೊಳಗಿನ ಗಾಳಿಯಲ್ಲಿದೆ. ಹೊರಗಿನವರನ್ನು ಬೈದು ಪ್ರಯೋಜನವಿಲ್ಲ. ರೂಟರಿನದ್ದು ಸರಿಯಾಗಿದ್ದು 8.8.8.8 ಮಾತ್ರ ನಿಂತರೆ ದೋಷ ಫೈಬರಿನಲ್ಲಿ ಅಥವಾ ಸೇವೆ ಕೊಡುವವರಲ್ಲಿ. ಎರಡೂ ಸರಿಯಿದ್ದು ಸ್ಪೀಕರ್ ಮಾತ್ರ ನಿಂತರೆ ರೂಟರಿನ ಆಯ್ಕೆಗಳನ್ನು ಅನುಮಾನಿಸಿ. ಎರಡೂ ಒಟ್ಟಿಗೆ ಸತ್ತು, ಎರಡು ಮೂರು ನಿಮಿಷದ ನಂತರ ತಾವಾಗಿಯೇ ಎದ್ದರೆ ರೂಟರ್ ಆರಿ ಹತ್ತಿಕೊಂಡಿದೆ ಎಂದರ್ಥ. ಅದು ಕರೆಂಟಿನ ವಿಷಯ.

ಇದರ ಜೊತೆಗೆ ಮೂರು ದಿನ ಒಂದು ಚೀಟಿ ಇಟ್ಟುಕೊಂಡು ಹಾಡು ನಿಂತ ಹೊತ್ತು ಬರೆಯಿರಿ. ಪಂಪು ಹಾಕುವಾಗಲೋ, ಮೈಕ್ರೋವೇವ್ ತಿರುಗುವಾಗಲೋ, ಮಳೆ ಬಂದಾಗಲೋ, ರಾತ್ರಿ ಒಂಬತ್ತರ ನಂತರವೋ? ಸರಿಯಾಗಿ ಗಂಟೆಗೊಮ್ಮೆ ನಿಲ್ಲುವುದಾದರೆ ಅದು ಬೇರೆಯೇ ಕಥೆ, ಮುಂದೆ ಬರುತ್ತದೆ. ಬೇಸರದ ಕೆಲಸ ಹೌದು. ಆದರೆ ಅರ್ಧ ದೋಷ ಚೀಟಿಯಲ್ಲೇ ಸಿಕ್ಕಿಬಿಡುತ್ತದೆ.

ಕರೆಂಟು ಮತ್ತು ಅಡಾಪ್ಟರ್

ತೋಟದ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಒಂದು ಹಾರ್ಸ್‌ಪವರಿನ ಪಂಪು ಓಡುವಾಗ ಎಳೆಯುವ ಕರೆಂಟಿಗಿಂತ ಹತ್ತಿಕೊಳ್ಳುವ ಕ್ಷಣದಲ್ಲಿ ಎಳೆಯುವುದು ಐದಾರು ಪಟ್ಟು ಹೆಚ್ಚು. ಆ ಕ್ಷಣ ಮನೆಯ ದೀಪಗಳು ಒಮ್ಮೆ ಮಂಕಾಗುತ್ತವೆ. ಹೊಸ ಅಡಾಪ್ಟರ್ ಆದರೆ ಈ ಕುಸಿತವನ್ನು ತಡೆದುಕೊಳ್ಳುತ್ತದೆ. ಮೂರ್ನಾಲ್ಕು ವರ್ಷ ಹಗಲು ರಾತ್ರಿ ಬಿಸಿಯಾಗಿ ಓಡಿದ ಅಡಾಪ್ಟರಿನ ಒಳಗಿನ ಕೆಪಾಸಿಟರ್ ಒಣಗಿರುತ್ತದೆ. ಅದಕ್ಕೆ ಅರೆಕ್ಷಣದ ಕೊರತೆಯೂ ತಡೆಯುವುದಿಲ್ಲ. ರೂಟರ್ ಮರುಪ್ರಾರಂಭವಾಗುತ್ತದೆ, ಸ್ಪೀಕರ್ ಮೌನವಾಗುತ್ತದೆ.

ಮಲ್ಟಿಮೀಟರಿನಲ್ಲಿ ನೋಡಿದರೆ ಇಂಥ ಅಡಾಪ್ಟರ್ ಸರಿಯಾಗಿ 12 ವೋಲ್ಟ್ ತೋರಿಸಬಹುದು. ಮೋಸಹೋಗಬೇಡಿ, ಹೊರೆ ಇಲ್ಲದಾಗ ಎಲ್ಲವೂ ಸರಿಯೇ ತೋರುತ್ತದೆ. ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಅದೇ ಪಿನ್ನಿನ ಇನ್ನೊಂದು ಅಡಾಪ್ಟರ್ ಹಾಕಿ ಎರಡು ದಿನ ನೋಡುವುದೇ ಒಳ್ಳೆಯ ಪರೀಕ್ಷೆ. ವೋಲ್ಟ್ ಮಾತ್ರ ಎಂದೂ ಬದಲಾಗಬಾರದು. ಗೂಗಲಿನ ನೆಸ್ಟ್ ಮಿನಿ ಸ್ಪೀಕರಿನ ಅಡಾಪ್ಟರ್ 14 ವೋಲ್ಟಿನದ್ದು, ಹೆಚ್ಚಿನ ರೂಟರುಗಳದ್ದು 12 ವೋಲ್ಟಿನದ್ದು. ಪಿನ್ನು ಒಳಗೆ ಹೋಯಿತೆಂದು ಒಂದರ ಅಡಾಪ್ಟರನ್ನು ಇನ್ನೊಂದಕ್ಕೆ ಹಾಕಬೇಡಿ. ಹಳೆಯ ಗೂಗಲ್ ಹೋಮ್ ಮಿನಿಗೆ ಬೇಕಾದದ್ದು 5 ವೋಲ್ಟ್, 1.8 ಆಂಪಿಯರ್, ಅದಕ್ಕೆ ಹಳೇ ಫೋನಿನ 1 ಆಂಪಿಯರ್ ಚಾರ್ಜರ್ ಹಾಕಿದರೆ ಮೆಲ್ಲಗೆ ಮಾತಾಡುವಾಗ ಸರಿಯಿದ್ದು, ಧ್ವನಿ ಏರಿಸಿದ ಕೂಡಲೇ ಆರಿಹೋಗಬಹುದು. ಅದನ್ನು ವೈಫೈ ದೋಷವೆಂದು ತಿಳಿದವರು ಬಹಳ ಮಂದಿ.

ಗಲ್ಫಿನಿಂದ ತಂದ ಸ್ಪೀಕರುಗಳದ್ದು ಇನ್ನೊಂದು ಬಗೆ. ಅಲ್ಲಿನ ಮೂರು ಚಪ್ಪಟೆ ಪಿನ್ನುಗಳ ಅಡಾಪ್ಟರಿಗೆ ಇಲ್ಲಿ ಕನ್ವರ್ಟರ್ ಪ್ಲಗ್ ಸಿಕ್ಕಿಸುತ್ತಾರೆ. ವೋಲ್ಟೇಜು ಹೊಂದುತ್ತದೆ, ಅದರ ಚಿಂತೆ ಬೇಡ. ಆದರೆ ಅಗ್ಗದ ಕನ್ವರ್ಟರಿನ ಒಳಗಿನ ಹಿತ್ತಾಳೆ ತಗಡು ಬೇಗ ಸಡಿಲವಾಗುತ್ತದೆ. ಫ್ಯಾನಿನ ಗಾಳಿಗೆ ವಯರು ಅಲ್ಲಾಡಿದರೂ ಸಾಕು, ಸ್ಪೀಕರ್ ಆರಿ ಹತ್ತುತ್ತದೆ. ಇಲ್ಲಿನ ಪಿನ್ನಿನ, ಅದೇ ಅಳತೆಯ ಅಡಾಪ್ಟರ್ ಕೊಂಡರೆ ಮುಗಿಯಿತು.

ಇನ್ವರ್ಟರ್ ಇದ್ದರೂ ಕರೆಂಟು ಹೋದಾಗಲೆಲ್ಲ ರೂಟರ್ ಆರುತ್ತದೆಯೇ? ಹೆಚ್ಚಿನ ಇನ್ವರ್ಟರುಗಳ ಹಿಂದೆ 'ಯುಪಿಎಸ್' ಮತ್ತು ಸಾಧಾರಣ ಎಂಬ ಎರಡು ಸ್ಥಾನಗಳ ಸ್ವಿಚ್ಚು ಇರುತ್ತದೆ. ಯುಪಿಎಸ್ ಸ್ಥಾನದಲ್ಲಿ ಬದಲಾವಣೆ ಬೇಗ ಆಗುತ್ತದೆ. ಅದೂ ಸಾಲದಿದ್ದರೆ ರೂಟರಿಗೆಂದೇ 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೂಟರಿನ ತಳದ ಚೀಟಿಯಲ್ಲಿರುವ ವೋಲ್ಟ್ ಮತ್ತು ಆಂಪಿಯರ್ ಬರೆದುಕೊಂಡು ಹೋಗಿ. ಫೈಬರಿನ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಆಸರೆ ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ವೈಫೈ ಕಾಣುತ್ತದೆ, ಇಂಟರ್ನೆಟ್ ಇರುವುದಿಲ್ಲ.

ಕರೆಂಟು ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಹಾಕುವುದಕ್ಕಿಂತ ಕ್ರಮವಾಗಿ ಹಾಕುವುದು ಮೇಲು. ಮೊದಲು ಫೈಬರಿನ ಪೆಟ್ಟಿಗೆ, ಅದರ 'ಪಾನ್' ದೀಪ ಮಿನುಗುವುದು ನಿಂತು ಸ್ಥಿರವಾಗಲಿ, ಎರಡು ಮೂರು ನಿಮಿಷ ಬೇಕು. ಆಮೇಲೆ ಎರಡನೇ ರೂಟರ್ ಇದ್ದರೆ ಅದು. ಕೊನೆಗೆ ಸ್ಪೀಕರ್.

ಗೋಡೆ

ನಮ್ಮ ಕಡೆಯ ಮನೆಗಳ ದೊಡ್ಡ ಸಮಸ್ಯೆ ಇದೇ. ಮುರಕಲ್ಲಿನ ಗೋಡೆ ದಪ್ಪ. ಹಳೆಯ ಮನೆಗಳಲ್ಲಿ ಒಂದು ಅಡಿಗೂ ಮಿಕ್ಕಿರುತ್ತದೆ. ಕಲ್ಲಿನ ತುಂಬ ತೂತು, ಹಾಗಾಗಿ ಸಾರಣೆ ಇಲ್ಲದ ಗೋಡೆ ಆಟಿಯ ಮಳೆಗೆ ನೀರು ಕುಡಿಯುತ್ತದೆ. ವೈಫೈ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಏಪ್ರಿಲಿನಲ್ಲಿ ಸರಿಯಾಗಿದ್ದ ಸ್ಪೀಕರ್ ಜುಲೈಯಲ್ಲಿ ಕೈಕೊಡಲು ಇಷ್ಟೇ ಸಾಕು. ಬೇಸಗೆಯಲ್ಲಿ ಅದು ಅಂಚಿನಲ್ಲಿ ನಿಂತಿತ್ತು, ಮಳೆಗಾಲ ಅದನ್ನು ಆಚೆಗೆ ತಳ್ಳಿತು.

ಕಣ್ಣಂದಾಜು ಬೇಡ, ಅಳೆಯಿರಿ. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಬಗೆಯ ಆ್ಯಪ್ ಹಾಕಿಕೊಳ್ಳಿ. ಐಫೋನ್ ಇದ್ದವರು ಏರ್‌ಪೋರ್ಟ್ ಯುಟಿಲಿಟಿ ಹಾಕಿಕೊಂಡು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಬೇಕು. ಫೋನನ್ನು ಸ್ಪೀಕರ್ ಇರುವ ಜಾಗದಲ್ಲೇ ಇಟ್ಟು, ಕೈ ತೆಗೆದು, ಒಂದು ನಿಮಿಷ ಅಂಕೆ ನೋಡಿ. ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುವ ಈ ಅಂಕೆ ಮೈನಸ್ಸಿನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 60 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. ಮೈನಸ್ 67ರವರೆಗೂ ನಡೆಯುತ್ತದೆ. ಮೈನಸ್ 70 ದಾಟಿದರೆ ಹಾಡು ತೊದಲುವುದು ಸಹಜ, ಮೈನಸ್ 80ರಲ್ಲಿ ಏನನ್ನೂ ನಿರೀಕ್ಷಿಸಬೇಡಿ. ಮೂರು ಡಿಬಿ ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತರಲ್ಲೊಂದು. ಹಾಗಾಗಿ ಮೈನಸ್ 65 ಮತ್ತು ಮೈನಸ್ 75ರ ನಡುವಿನ ವ್ಯತ್ಯಾಸ ಕಾಗದದಲ್ಲಿ ಕಂಡಷ್ಟು ಸಣ್ಣದಲ್ಲ.

ಫೈಬರ್ ಎಳೆಯಲು ಬಂದವರು ವಯರು ಒಳಬಂದ ಕಿಟಕಿಯ ಬಳಿಯೇ ಪೆಟ್ಟಿಗೆ ಕೂರಿಸಿ ಹೋಗಿರುತ್ತಾರೆ. ಅಂದರೆ ಜಗಲಿಯ ಮೂಲೆ, ಟಿವಿಯ ಹಿಂದೆ, ನೆಲದಿಂದ ಒಂದು ಅಡಿ ಎತ್ತರದಲ್ಲಿ. ಅಲ್ಲಿಂದ ಹೊರಟ ಅಲೆಗಳಲ್ಲಿ ಅರ್ಧ ಅಂಗಳಕ್ಕೆ ಹೋಗುತ್ತವೆ. ಅಂಗಳದಲ್ಲಿ ಒಣಗುವ ಅಡಕೆಗೆ ವೈಫೈ ಬೇಡ.

ರೂಟರನ್ನು ಐದಾರು ಅಡಿ ಎತ್ತರಕ್ಕೆ, ಮನೆಯ ನಡುಭಾಗಕ್ಕೆ ತರುವುದೇ ಖರ್ಚಿಲ್ಲದ ಮೊದಲ ಮದ್ದು. ಹಳೆಯ ಮನೆಗಳಲ್ಲಿ ಒಂದು ಅನುಕೂಲ ಇದೆ: ಚಾವಡಿಯಿಂದ ಹಿಂಬದಿಯವರೆಗೆ ಬಾಗಿಲುಗಳು ಬಹುತೇಕ ಒಂದೇ ನೇರದಲ್ಲಿ ಇರುತ್ತವೆ. ರೂಟರನ್ನು ಆ ನೇರಕ್ಕೆ ತಂದು, ಸ್ಪೀಕರನ್ನೂ ಬಾಗಿಲಿನ ನೇರಕ್ಕೆ ಇಟ್ಟರೆ ಅಲೆಗಳು ಕಲ್ಲಿನ ಬದಲು ಬಾಗಿಲಿನ ಮೂಲಕ ಬರುತ್ತವೆ. ಓರೆಯಾಗಿ ಗೋಡೆ ದಾಟುವುದು ಕಷ್ಟ. ಗೋಡೆಗೆ ನೇರವಾಗಿ ಬರುವ ಬದಲು 60 ಡಿಗ್ರಿ ಓರೆಯಾಗಿ ಬಂದರೆ ಕಲ್ಲಿನೊಳಗೆ ಸಾಗಬೇಕಾದ ದೂರ ಎರಡು ಪಟ್ಟಾಗುತ್ತದೆ. ಕೆಲವೊಮ್ಮೆ ಸ್ಪೀಕರನ್ನು ಎರಡು ಅಡಿ ಆಚೆ ಸರಿಸಿದ್ದಕ್ಕೇ ಎಂಟು ಹತ್ತು ಡಿಬಿ ಸಿಗುವುದು ಇದರಿಂದಲೇ.

ರೂಟರನ್ನು ಸ್ಟೀಲಿನ ಕಪಾಟಿನ ಹಿಂದೆ, ಫ್ರಿಜ್ಜಿನ ಮೇಲೆ, ಕನ್ನಡಿಯ ಎದುರು, ನೀರಿನ ಡ್ರಮ್ಮಿನ ಪಕ್ಕ ಇಡಬಾರದು. ಚೆಂದಕ್ಕೆಂದು ಮರದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಸಿಗ್ನಲ್ ಅಷ್ಟೇನೂ ಕಡಿಮೆಯಾಗದು, ಆದರೆ ಬಿಸಿಯಾಗಿ ರೂಟರ್ ತೊದಲುತ್ತದೆ. ಕೈಯಿಟ್ಟರೆ ಸುಡುವಷ್ಟು ಬಿಸಿ ಇದ್ದರೆ ಹೊರಗೆ ತೆಗೆಯಿರಿ. ಆ್ಯಂಟೆನಾ ಎರಡಿದ್ದರೆ ಒಂದು ನೆಟ್ಟಗೆ, ಇನ್ನೊಂದು ಅಡ್ಡಕ್ಕೆ. ಅಡ್ಡದ್ದು ಉಪ್ಪರಿಗೆಗೆ ಸಹಾಯ. ಎಲ್ಲವೂ ಒಂದೇ ಮಹಡಿಯಾದರೆ ಎರಡನ್ನೂ ನೆಟ್ಟಗೆ ನಿಲ್ಲಿಸಿ.

2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡುಗಳಲ್ಲಿ ಕಲ್ಲುಗೋಡೆ ದಾಟುವ ತಾಕತ್ತು ಮೊದಲನೆಯದಕ್ಕೆ ಹೆಚ್ಚು. ರೂಟರ್ ಇರುವ ಕೋಣೆಯಲ್ಲೇ ಸ್ಪೀಕರ್ ಇದ್ದರೆ 5 ಒಳ್ಳೆಯದು, ನಡುವೆ ಒಂದು ಮುರಕಲ್ಲಿನ ಗೋಡೆ ಬಂತೆಂದರೆ 2.4ಕ್ಕೇ ಕಟ್ಟಿಹಾಕಿ.

ರೂಟರಿನೊಳಗೆ ತಿದ್ದಬೇಕಾದವು

ಬ್ರೌಸರಿನಲ್ಲಿ ರೂಟರಿನ ವಿಳಾಸ ಕೊಟ್ಟು ಒಳಹೋಗಿ. ಹೆಸರು, ಪಾಸ್‌ವರ್ಡ್ ಸಾಧಾರಣವಾಗಿ ಪೆಟ್ಟಿಗೆಯ ತಳದಲ್ಲಿ ಇರುತ್ತವೆ. ಇಲ್ಲದಿದ್ದರೆ ಸಂಪರ್ಕ ಕೊಟ್ಟವರನ್ನು ಕೇಳಿ. ಬದಲಾಯಿಸುವ ಮೊದಲು ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಹೊರಗಿನ ಸಂಪರ್ಕದ ವಿವರ ಇರುವ 'ವ್ಯಾನ್' ಎಂಬ ಪುಟದಲ್ಲಿ ಮಾತ್ರ ಏನನ್ನೂ ಮುಟ್ಟಬೇಡಿ, ಅಲ್ಲಿ ಒಂದು ಅಂಕೆ ತಪ್ಪಿದರೂ ಇಂಟರ್ನೆಟ್ಟೇ ಹೋಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ದಿನ ನೋಡಿ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎರಡೂ ತಿಳಿಯದು.

ಮೊದಲಿಗೆ ಎರಡು ಬ್ಯಾಂಡುಗಳಿಗೆ ಬೇರೆ ಬೇರೆ ಹೆಸರು ಕೊಡಿ. 'ಸ್ಮಾರ್ಟ್ ಕನೆಕ್ಟ್' ಅಥವಾ 'ಬ್ಯಾಂಡ್ ಸ್ಟೀರಿಂಗ್' ಎಂಬುದು ಆನ್ ಇದ್ದರೆ ರೂಟರ್ ಸ್ಪೀಕರನ್ನು ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ ದೂಡುತ್ತದೆ. ಪ್ರತಿ ಸಲ ದೂಡಿದಾಗಲೂ ಕೆಲವು ಸೆಕೆಂಡು ಮೌನ. ಅದನ್ನು ಆಫ್ ಮಾಡಿ, 2.4ರ ಹೆಸರಿಗೆ ಸ್ಪೀಕರ್ ಸೇರಿಸಿ. ಫೋನು 5ರಲ್ಲಿ ಇದ್ದರೂ ತೊಂದರೆಯಿಲ್ಲ, ಎರಡೂ ಒಂದೇ ಮನೆಯ ಜಾಲ.

2.4ರ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. 40 ಇಟ್ಟರೆ ವೇಗ ಹೆಚ್ಚು ಕಾಣಬಹುದು, ಆದರೆ ಅಕ್ಕಪಕ್ಕದವರ ಗದ್ದಲವನ್ನೂ ಅಷ್ಟೇ ಅಗಲಕ್ಕೆ ಕೇಳಿಸಿಕೊಳ್ಳಬೇಕಾಗುತ್ತದೆ. ಚಾನೆಲ್ 'ಆಟೋ' ಬಿಟ್ಟು 1, 6, 11ರಲ್ಲಿ ಒಂದನ್ನು ಆರಿಸಿ. ಒಂದರ ಮೇಲೊಂದು ಏರದ ಚಾನೆಲುಗಳು ಇವು ಮೂರೇ. ಯಾವುದು ಖಾಲಿ ಎಂದು ಅನಲೈಸರ್ ಆ್ಯಪ್ ತೋರಿಸುತ್ತದೆ. ಕಾಸರಗೋಡು ಪೇಟೆಯ ಫ್ಲ್ಯಾಟಿನಲ್ಲಿ ಹದಿನೈದು ಇಪ್ಪತ್ತು ವೈಫೈ ಹೆಸರುಗಳು ಕಾಣುವವರಿಗೆ ಇದರಿಂದ ತುಂಬ ಲಾಭ. ತೋಟದ ನಡುವಿನ ಒಂಟಿ ಮನೆಯಲ್ಲಿ ನಿಮ್ಮದೊಂದೇ ಹೆಸರು ಕಾಣುತ್ತಿದ್ದರೆ ಚಾನೆಲ್ ಬದಲಿಸುತ್ತ ಕೂರುವುದು ಹೊತ್ತು ಕಳೆಯಲು ಮಾತ್ರ. ಚಾನೆಲ್ 12, 13 ಬೇಡ. ಇಲ್ಲಿ ಅವಕ್ಕೆ ಅನುಮತಿ ಇದ್ದರೂ ಅಮೆರಿಕದಲ್ಲಿ ಮಾರಾಟಕ್ಕೆಂದು ತಯಾರಾದ ಸ್ಪೀಕರಿಗೆ ಅವು ಕಾಣಿಸದೇ ಹೋಗಬಹುದು. ಮಗನೋ ಮಗಳೋ ಅಲ್ಲಿಂದ ತಂದುಕೊಟ್ಟ ಸ್ಪೀಕರ್ ಫೋನಿಗೆ ಕಾಣುವ ವೈಫೈಯನ್ನು ಕಾಣದಿದ್ದರೆ ಇದನ್ನು ನೋಡಿ.

5ರಲ್ಲಿ ಇಟ್ಟವರು 36, 40, 44, 48ರಲ್ಲಿ ಒಂದನ್ನು ಆರಿಸಿ. 52ರಿಂದ 64, 100ರಿಂದ ಮೇಲಿನ ಹಲವು ಚಾನೆಲುಗಳು ರೇಡಾರುಗಳ ಜೊತೆ ಹಂಚಿಕೊಂಡವು. ರೇಡಾರ್ ಸುಳಿವು ಸಿಕ್ಕಿದರೆ ರೂಟರ್ ಆ ಚಾನೆಲ್ ಬಿಟ್ಟು ಓಡಬೇಕು. ಅಂಥ ಇನ್ನೊಂದಕ್ಕೆ ಹೋಗುವುದಾದರೆ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕಾಯಬೇಕು. ಅಷ್ಟು ಹೊತ್ತು ಸ್ಪೀಕರ್ ಅನಾಥ.

ಭದ್ರತೆಯ ಆಯ್ಕೆಯನ್ನು ಡಬ್ಲ್ಯುಪಿಎ2, ಎಇಎಸ್ ಎಂದು ಇಡಿ. 'ಟಿಕೆಐಪಿ' ಬೆರೆತ ಆಯ್ಕೆ ಹಳತು, ವೇಗವನ್ನೂ ಕಟ್ಟಿಹಾಕುತ್ತದೆ. ಡಬ್ಲ್ಯುಪಿಎ3 ಮಾತ್ರ ಎಂದಿಟ್ಟರೆ ಹಳೆಯ ಸ್ಪೀಕರುಗಳು ಸೇರುವುದೇ ಇಲ್ಲ. 2 ಮತ್ತು 3 ಬೆರೆತದ್ದರಲ್ಲಿ ಸೇರಿ ಆಮೇಲೆ ಬಿಟ್ಟುಹೋಗುವ ಉದಾಹರಣೆಗಳೂ ಇವೆ.

ಈಗ ಗಂಟೆಗೊಮ್ಮೆ ನಿಲ್ಲುವ ಕಥೆ. ವೈಫೈಯಲ್ಲಿ ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಒಂದು ಗುಪ್ತ ಕೀಲಿ ಇದೆ. ರೂಟರ್ ಅದನ್ನು ಆಗಾಗ ಬದಲಿಸುತ್ತದೆ. ಹಲವು ರೂಟರುಗಳಲ್ಲಿ 3600 ಸೆಕೆಂಡಿಗೊಮ್ಮೆ. ಸಿಗ್ನಲ್ ದುರ್ಬಲ ಇದ್ದಾಗ ಈ ಬದಲಾವಣೆಯಲ್ಲಿ ಸ್ಪೀಕರ್ ಹಿಂದುಳಿದರೆ ರೂಟರ್ ಅದನ್ನು ಹೊರಗೆ ಹಾಕುತ್ತದೆ. 'ಗ್ರೂಪ್ ಕೀ' ಎಂಬ ಸಾಲು ಸಿಕ್ಕಿದರೆ 86400ಕ್ಕೆ, ಅಂದರೆ ದಿನಕ್ಕೊಮ್ಮೆಗೆ ಏರಿಸಿ ನೋಡಿ. ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯ ಲೀಸ್ ಅವಧಿ, ಅಂದರೆ ಕೊಟ್ಟ ವಿಳಾಸದ ವಾಯಿದೆ, ಒಂದು ಗಂಟೆಯೋ ಎರಡು ಗಂಟೆಯೋ ಇದ್ದರೆ ಅದನ್ನೂ ಒಂದು ದಿನಕ್ಕೆ ಏರಿಸಿ.

ಡಿಎಚ್‌ಸಿಪಿ ಪುಟದಲ್ಲೇ ಇರುವಾಗ ಸ್ಪೀಕರಿಗೆ ಒಂದು ವಿಳಾಸ ಕಾಯ್ದಿರಿಸಿ. ಅಲೆಕ್ಸಾ ಆ್ಯಪ್‌ನಲ್ಲಿ ಸಾಧನದ ವಿವರದೊಳಗೆ, ಗೂಗಲ್ ಹೋಮ್‌ನಲ್ಲಿ ಸಾಧನದ ಮಾಹಿತಿಯೊಳಗೆ ಅದನ್ನು ಗುರುತಿಸುವ ಮ್ಯಾಕ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ 192.168.1.50 ಎಂಬಂತೆ ಒಂದು ವಿಳಾಸ ಕೊಟ್ಟರೆ ಬೇರೆ ಯಾರಿಗೂ ಅದು ಹೋಗುವುದಿಲ್ಲ. ಮನೆಯಲ್ಲಿ ಪೂಜೆಯೋ ಕೋಲವೋ ಇದ್ದ ದಿನ ಇಪ್ಪತ್ತೈದು ನೆಂಟರ ಫೋನುಗಳು ಸೇರಿಕೊಂಡಾಗ ವಿಳಾಸಗಳು ಮುಗಿದು ಸ್ಪೀಕರ್ ಹೊರಗುಳಿಯುವುದು ಇದರಿಂದ ತಪ್ಪುತ್ತದೆ. ಕೊಟ್ಟ ಪೆಟ್ಟಿಗೆ ಅಗ್ಗದ್ದಾದರೆ ಅಷ್ಟು ಸಾಧನಗಳನ್ನು ಹೊರುವುದೇ ಅದಕ್ಕೆ ಕಷ್ಟ. ನೆಂಟರಿಗೆ ಪಾಸ್‌ವರ್ಡ್ ಕೊಡುವುದು ಬಿಡುವುದು ನಿಮ್ಮ ದಾಕ್ಷಿಣ್ಯಕ್ಕೆ ಸೇರಿದ್ದು.

ಸ್ಪೀಕರ್ ಮಾತಾಡುತ್ತದೆ, ಆದರೆ ಫೋನಿನಿಂದ ಹಾಡು ಕಳಿಸಲು ಹೋದರೆ ಸ್ಪೀಕರೇ ಕಾಣುವುದಿಲ್ಲ ಎಂಬುದು ಬೇರೆ ದೋಷ. ಸ್ಪೀಕರನ್ನು ಗೆಸ್ಟ್ ವೈಫೈಗೆ ಸೇರಿಸಿದ್ದೀರೋ ನೋಡಿ. ಗೆಸ್ಟ್ ಜಾಲದಲ್ಲಿ ಒಂದು ಸಾಧನ ಇನ್ನೊಂದನ್ನು ಕಾಣದಂತೆ ತಡೆ ಇರುತ್ತದೆ. ಮುಖ್ಯ ವೈಫೈಯಲ್ಲೂ 'ಎಪಿ ಐಸೊಲೇಷನ್' ಅಥವಾ 'ಕ್ಲೈಂಟ್ ಐಸೊಲೇಷನ್' ಆನ್ ಆಗಿದ್ದರೆ ಆಫ್ ಮಾಡಿ.

ಮೈಕ್ರೋವೇವ್ ಓಡುವಾಗ ಮಾತ್ರ ನಿಲ್ಲುವುದಾದರೆ ಕಾರಣ ಸರಳ, ಅದೂ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ. ಸ್ಪೀಕರನ್ನು ಅದರಿಂದ ಎರಡು ಮೂರು ಮೀಟರ್ ದೂರ ಸರಿಸಿ. ರೂಟರಿಗೆ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಸಿಕ್ಕಿಸಿಟ್ಟಿದ್ದರೆ ಅದನ್ನೂ ತೆಗೆದು ನೋಡಿ. ಅದರ ವಯರು 2.4ರಲ್ಲಿ ಗದ್ದಲ ಎಬ್ಬಿಸುತ್ತದೆ.

ಎರಡನೇ ರೂಟರ್ ಹಾಕುವುದಾದರೆ

ಮಾಡಬೇಕಾದದ್ದೆಲ್ಲ ಮಾಡಿದರೂ ಅಡುಗೆಮನೆಯಲ್ಲಿ ಮೈನಸ್ 75 ಇದ್ದರೆ ಇನ್ನೊಂದು ವೈಫೈ ಕೇಂದ್ರ ಬೇಕೇ ಬೇಕು. ಅಂಗಡಿಯವರು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ಕೊಡುತ್ತಾರೆ, ಜನ ಅದನ್ನು ಸ್ಪೀಕರಿನ ಪಕ್ಕದಲ್ಲೇ ಸಿಕ್ಕಿಸುತ್ತಾರೆ. ಸಿಗ್ನಲ್ ಇಲ್ಲದ ಜಾಗದಲ್ಲಿ ಕೂತ ರಿಪೀಟರ್ ಪುನರುಚ್ಚರಿಸುವುದಾದರೂ ಏನನ್ನು? ಅದು ಇರಬೇಕಾದದ್ದು ನಡುದಾರಿಯಲ್ಲಿ, ಮೈನಸ್ 60ರಿಂದ 65 ಸಿಗುವಲ್ಲಿ. ಮೆಶ್ ಎಂದು ಮಾರುವ, ಹಲವು ವೈಫೈ ಕೇಂದ್ರಗಳು ಸೇರಿ ಒಂದೇ ಜಾಲವಾಗುವ ದುಬಾರಿ ಸೆಟ್ಟುಗಳಿಗೂ ಇದೇ ಮಾತು. ತಂತಿಯಿಲ್ಲದೆ ಇಟ್ಟರೆ ಅವುಗಳ ನಡುವೆಯೂ ಅದೇ ಮುರಕಲ್ಲಿನ ಗೋಡೆ ಇರುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ ಕೇಬಲ್ ಎಳೆಯಿರಿ. ಮುಚ್ಚಿಗೆಯ ಮೇಲೆ, ಅಟ್ಟದಲ್ಲಿ ಕೇಬಲ್ ಎಳೆಯಲು ಹಳೆಯ ಮನೆಗಳಲ್ಲಿ ಜಾಗಕ್ಕೆ ಬರವಿಲ್ಲ. ಕ್ಯಾಟ್6 ಕೇಬಲ್, 100 ಮೀಟರಿನ ಒಳಗೆ. ತಾಮ್ರದ ಲೇಪ ಇರುವ ಅಲ್ಯೂಮಿನಿಯಮ್ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಬಾಗಿಸಿದರೆ ಮುರಿಯುತ್ತದೆ. ಪೂರ್ತಿ ತಾಮ್ರದ್ದನ್ನೇ ಕೇಳಿ. ಇಲಿ ಓಡಾಡುವ ಅಟ್ಟವಾದರೆ ಪಿವಿಸಿ ಪೈಪಿನೊಳಗೆ ಹಾಕಿ. ಎರಡನೇ ಕೇಂದ್ರಕ್ಕೆ ಮೂಲೆಯಲ್ಲಿ ಬಿದ್ದಿರುವ ಹಳೇ ರೂಟರೇ ಸಾಕು, ಆದರೆ ಹಾಗೆಯೇ ಸಿಕ್ಕಿಸಬಾರದು. ಎರಡು ರೂಟರುಗಳೂ ವಿಳಾಸ ಹಂಚತೊಡಗಿದರೆ ಒಂದೇ ವಿಳಾಸ ಇಬ್ಬರಿಗೆ ಹೋಗಿ, ಸ್ಪೀಕರ್ ಒಮ್ಮೆ ಸರಿ ಒಮ್ಮೆ ತಪ್ಪು ಎಂಬಂತಾಗುತ್ತದೆ. ಈ ದೋಷ ಹುಡುಕುವುದು ತಲೆನೋವು, ತಪ್ಪಿಸುವುದು ಸುಲಭ.

ಹಳೇ ರೂಟರನ್ನು ಕೇಬಲಿನಿಂದ ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ ಒಳಹೋಗಿ. 'ಆ್ಯಕ್ಸೆಸ್ ಪಾಯಿಂಟ್' ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿದರೆ ಆಯಿತು. ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸವನ್ನು 192.168.1.2 ಎಂದು ಬದಲಿಸಿ. ಮುಖ್ಯ ರೂಟರ್ 192.168.0.1 ಆದರೆ ಇದು 192.168.0.2. ಮುಖ್ಯ ರೂಟರಿನಿಂದ ಬಂದ ಕೇಬಲನ್ನು ಇದರ ಲ್ಯಾನ್ ಕಿಂಡಿಗೆ ಸಿಕ್ಕಿಸಿ, ಬೇರೆ ಬಣ್ಣದ ವ್ಯಾನ್ ಕಿಂಡಿ ಖಾಲಿ ಇರಲಿ. ಮುಖ್ಯ ರೂಟರ್ ಚಾನೆಲ್ 1ರಲ್ಲಿದ್ದರೆ ಇದನ್ನು 11ಕ್ಕೆ ಹಾಕಿ. ವೈಫೈ ಹೆಸರು ಎರಡಕ್ಕೂ ಒಂದೇ ಇರಲಿ ಎಂದು ಎಲ್ಲರೂ ಹೇಳುತ್ತಾರೆ. ಓಡಾಡುವ ಫೋನಿಗೆ ಅದು ಸರಿ. ಒಂದೇ ಕಡೆ ಕೂತಿರುವ ಸ್ಪೀಕರಿಗೆ ಬೇರೆ ಹೆಸರೇ ಮೇಲು. ಕರೆಂಟು ಹೋಗಿ ಬಂದಾಗ ಸ್ಪೀಕರ್ ಮೊದಲು ಎದ್ದ ದೂರದ ರೂಟರನ್ನು ಹಿಡಿದುಕೊಂಡರೆ ಹತ್ತಿರದ್ದು ಎದ್ದ ಮೇಲೂ ಅದನ್ನು ಬಿಡುವುದಿಲ್ಲ.

ಕೊಟ್ಟಿಗೆಗೋ ಅಂಗಳದಾಚೆಯ ಔಟ್‌ಹೌಸಿಗೋ ತಾಮ್ರದ ಕೇಬಲನ್ನು ಹೊರಗಿನಿಂದ ಎಳೆಯಬೇಡಿ, ಸಿಡಿಲಿಗೆ ಆಹ್ವಾನ ಕೊಟ್ಟಂತೆ. ಅಲ್ಲಿಗೆ ಸಣ್ಣ ಫೈಬರ್ ಎಳೆದು ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿಸುವುದು ಕ್ಷೇಮ.

ಹೊರಗಿನ ಫೈಬರ್

ಬಿಎಸ್‌ಎನ್‌ಎಲ್ ಇರಲಿ, ಕೇರಳ ಸರಕಾರದ ಕೆಫೋನ್ ಇರಲಿ, ಊರಿನ ಕೇಬಲಿನವರದ್ದೇ ಇರಲಿ, ಕಂಬದಿಂದ ಮನೆಗೆ ಬರುವ ಕಪ್ಪು ತಂತಿ ಅಡಕೆ ಮರಗಳ ನಡುವೆಯೇ ಬರುತ್ತದೆ. ಸೋಗೆ ಬೀಳುತ್ತದೆ, ಅಳಿಲು ಕಚ್ಚುತ್ತದೆ, ಗಾಳಿಗೆ ಮರ ತೂಗುವಾಗ ತಂತಿ ಎಳೆಯಲ್ಪಡುತ್ತದೆ. ಪೂರ್ತಿ ಕಡಿದರೆ ಪೆಟ್ಟಿಗೆಯಲ್ಲಿ 'ಲಾಸ್' ದೀಪ ಕೆಂಪಾಗುತ್ತದೆ, ಅನುಮಾನಕ್ಕೆ ಎಡೆಯಿಲ್ಲ. ಅರ್ಧ ಮುರಿದದ್ದೇ ಅಪಾಯ: ಗಾಳಿ ಬೀಸಿದಾಗ ಹೋಗುತ್ತದೆ, ನಿಂತಾಗ ಬರುತ್ತದೆ.

ಪೆಟ್ಟಿಗೆಯ ಪುಟದಲ್ಲಿ 'ಆಪ್ಟಿಕಲ್' ಅಥವಾ 'ಪಾನ್' ಮಾಹಿತಿಯಲ್ಲಿ ಆರ್‌ಎಕ್ಸ್ ಪವರ್ ಎಂಬ ಅಂಕೆ ಇದೆ, ಅದು ಫೈಬರಿನಲ್ಲಿ ಒಳಬರುವ ಬೆಳಕಿನ ಬಲ. ಮೈನಸ್ 15ರಿಂದ 25ರ ನಡುವೆ ಇದ್ದರೆ ಸುಖ. ಮೈನಸ್ 27 ಎಂದರೆ ಅಂಚು. ಇಂದು ಮೈನಸ್ 22, ಮಳೆಗಾಳಿಯ ದಿನ ಮೈನಸ್ 28 ಎಂದಾದರೆ ಆ ಎರಡು ಫೋಟೋಗಳನ್ನು ದೂರಿನ ಜೊತೆ ಕಳಿಸಿ. "ನೆಟ್ಟು ನಿಧಾನ" ಎಂಬ ದೂರಿಗಿಂತ ಈ ಎರಡು ಅಂಕೆಗಳಿಗೆ ಲೈನಿನವರು ಬೇಗ ಬರುತ್ತಾರೆ.

ಒಳಗಿನ ಸಪೂರ ಹಳದಿ ಅಥವಾ ಬಿಳಿ ಫೈಬರನ್ನು ಮೂರು ಸೆಂಟಿಮೀಟರಿಗಿಂತ ಸಣ್ಣ ಸುತ್ತು ಸುತ್ತಬೇಡಿ, ಮೊಳೆ ಹೊಡೆದು ಬಿಗಿಯಬೇಡಿ. ತುದಿ ಬಿಚ್ಚಿದರೆ ಅದರೊಳಗೆ ಕಣ್ಣಿಟ್ಟು ನೋಡಲೇಬೇಡಿ. ಅಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣದು, ಆದರೂ ಕೆಡುಕು ಮಾಡಬಲ್ಲದು.

ತುಲಾ ತಿಂಗಳ ಗುಡುಗುಮಳೆಯ ಸಂಜೆಗಳಲ್ಲಿ ರೂಟರಿನ ಅಡಾಪ್ಟರನ್ನೂ ಲ್ಯಾನ್ ಕೇಬಲನ್ನೂ ತೆಗೆದಿಡುವುದು ಒಳ್ಳೆಯದು. ಗಾಜಿನ ಎಳೆ ಕರೆಂಟು ತರದು ನಿಜ. ಆದರೆ ಹೊರಗಿನ ತಂತಿಯ ಜೊತೆ ಆಧಾರಕ್ಕೆಂದು ಉಕ್ಕಿನ ಸರಿಗೆ ಇರುತ್ತದೆ. ಆ ಸರಿಗೆಯನ್ನು ಮನೆಯ ಹೊರಗೆ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿರಬೇಕು. ಪೆಟ್ಟಿಗೆಯವರೆಗೂ ಬಂದಿದ್ದರೆ ಲೈನಿನವರಿಗೆ ಹೇಳಿ ಸರಿಮಾಡಿಸಿ. ಸಿಡಿಲಿನ ನಂತರ ಒಂದು ಲ್ಯಾನ್ ಕಿಂಡಿ ಮಾತ್ರ ಸತ್ತಿರುವುದುಂಟು. ಎರಡನೇ ರೂಟರಿಗೆ ಇಂಟರ್ನೆಟ್ ಹೋಗದಿದ್ದರೆ ಕೇಬಲನ್ನು ಪಕ್ಕದ ಕಿಂಡಿಗೆ ಹಾಕಿ ನೋಡಿ.

ಕೊನೆಗೆ ಸ್ಪೀಕರ್

ಹೆಚ್ಚಿನವರು ಮೊದಲು ಮಾಡುವ ಕೆಲಸವನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಪೂರ್ತಿ ರೀಸೆಟ್ ಮಾಡಿದರೆ ಒಂದು ದಿನಕ್ಕೆ ಸರಿಯಾದಂತೆ ಕಂಡು, ನಿಜವಾದ ಕಾರಣ ಮುಚ್ಚಿಹೋಗುತ್ತದೆ.

ಮೊದಲು ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ. ಆಮೇಲೆ ವೈಫೈಯನ್ನು ಮರೆಸಿ ಹೊಸದಾಗಿ ಸೇರಿಸಿ: ಎಕೋ ಡಾಟ್‌ನಲ್ಲಿ ಚುಕ್ಕೆಯ ಗುರುತಿರುವ ಗುಂಡಿಯನ್ನು ಕಿತ್ತಳೆ ಬೆಳಕು ತಿರುಗುವವರೆಗೆ ಒತ್ತಿಹಿಡಿದು ಅಲೆಕ್ಸಾ ಆ್ಯಪ್‌ನಲ್ಲಿ ಮುಂದುವರಿಸಿ, ನೆಸ್ಟ್ ಮಿನಿಯಲ್ಲಿ ಗೂಗಲ್ ಹೋಮ್ ಆ್ಯಪ್‌ನ ಸಾಧನ ಮಾಹಿತಿಯಲ್ಲಿ ವೈಫೈಯನ್ನು 'ಫರ್ಗೆಟ್' ಮಾಡಿ. ಸೇರಿಸುವಾಗ ಫೋನಿನ ಬ್ಲೂಟೂತ್ ಮತ್ತು ಲೊಕೇಶನ್ ಆನ್ ಇರಲಿ, ವಿಪಿಎನ್ ಆಫ್ ಇರಲಿ.

ಇದಕ್ಕೂ ಬಗ್ಗದಿದ್ದರೆ ಪೂರ್ತಿ ರೀಸೆಟ್. ಮೂರನೇ ತಲೆಮಾರಿನ ಎಕೋ ಡಾಟ್‌ನಲ್ಲಿ ಅದೇ ಗುಂಡಿಯನ್ನು 25 ಸೆಕೆಂಡು ಒತ್ತಿಹಿಡಿಯಬೇಕು. ನೆಸ್ಟ್ ಮಿನಿಯಲ್ಲಿ ಬದಿಯ ಮೈಕ್ ಸ್ವಿಚ್ಚನ್ನು ಆಫ್ ಮಾಡಿ, ಮೇಲ್ಭಾಗದ ನಡುವೆ ಬೆರಳಿಟ್ಟು ಹಿಡಿಯಿರಿ. ಐದು ಸೆಕೆಂಡಿಗೆ ರೀಸೆಟ್ ಶುರುವಾಗುತ್ತದೆ, ಇನ್ನೂ ಹತ್ತು ಸೆಕೆಂಡು ಬಿಡದೆ ಹಿಡಿದರೆ ಪೂರ್ತಿಯಾಗುತ್ತದೆ.

ಸ್ಪೀಕರನ್ನು ಸಂಬಂಧಿಕರ ಮನೆಗೆ ಒಯ್ದು, ಅಲ್ಲಿನ ವೈಫೈಯಲ್ಲಿ ಒಂದು ದಿನ ರೇಡಿಯೋ ಓಡಿಸಿ ನೋಡಿ. ಅಲ್ಲಿ ರೂಟರಿನಿಂದ ಎರಡು ಮೀಟರ್ ದೂರದಲ್ಲಿ, ಅದರದೇ ಅಡಾಪ್ಟರಿನಲ್ಲಿಯೂ ಹಾಡು ನಿಂತರೆ ಸ್ಪೀಕರೇ ಹೋಗಿದೆ; ಬಿಲ್ ಹುಡುಕಿ ವಾರಂಟಿ ತಾರೀಕು ನೋಡಿ. ಗಲ್ಫಿನಲ್ಲೋ ಅಮೆರಿಕದಲ್ಲೋ ಕೊಂಡದ್ದಾದರೆ ವಾರಂಟಿ ಸಾಧಾರಣವಾಗಿ ಕೊಂಡ ದೇಶದಲ್ಲೇ, ರಜೆಗೆ ಬಂದವರು ಮರಳಿ ಹೋಗುವಾಗ ಪೆಟ್ಟಿಗೆಯಲ್ಲಿ ಹಾಕಿ ಕಳಿಸಬೇಕಾಗುತ್ತದೆ.